ಚಕ್ರಕ್ಕೂ ಕೈಗೂ ಕೆರೆಗೂ ಕೇಡಾಗದ ಕ್ಲೀನರ್

ಆಯುಧಪೂಜೆಯ ಹಿಂದಿನ ದಿನ ಕರ್ನಾಟಕದ ಯಾವ ಊರಿಗೆ ಹೋದರೂ ವಾಟರ್ ಸರ್ವಿಸ್ ಅಂಗಡಿಗಳ ಮುಂದೆ ವಾಹನಗಳ ಸಾಲು. ಕಾರಿನ ಬಾಡಿಗೆ ನೊರೆ, ಗಾಜಿಗೆ ಬಟ್ಟೆ, ಒಳಗಿನ ಸೀಟಿಗೆ ವ್ಯಾಕ್ಯೂಮ್. ಚಕ್ರದ ಸರದಿ ಬಂದಾಗ ಮಾತ್ರ ಕೆಲಸಗಾರ ಮೂಲೆಯಲ್ಲಿಟ್ಟ ಬೇರೊಂದು ಕ್ಯಾನ್ ಎತ್ತಿಕೊಳ್ಳುತ್ತಾನೆ. ಎಷ್ಟೋ ಕಡೆ ಆ ಕ್ಯಾನಿನ ಮೇಲೆ ಲೇಬಲ್ ಇರುವುದಿಲ್ಲ. ಸಿಂಪಡಿಸಿದ ಸ್ವಲ್ಪ ಹೊತ್ತಿಗೆ ಕಪ್ಪು ಇಳಿಯುತ್ತದೆ, ಅಲಾಯ್ ಮಿನುಗುತ್ತದೆ, ಮಾಲೀಕರ ಮುಖವೂ ಅರಳುತ್ತದೆ. ಕ್ಯಾನಿನಲ್ಲಿ ಇದ್ದದ್ದೇನು ಎಂದು ಕೇಳುವವರು ಕಡಿಮೆ.

ಕೇಳಲೇಬೇಕಾದ ಪ್ರಶ್ನೆ ಅದು. ಕಾರಿನ ಹೊರಮೈಯಲ್ಲಿ ಅತ್ಯಂತ ಕಟುವಾದ ರಾಸಾಯನಿಕ ಬೀಳುವ ಜಾಗವೇ ಚಕ್ರ. ಮಾರುಕಟ್ಟೆಯಲ್ಲಿ ವೀಲ್ ಕ್ಲೀನರ್, ಅಲಾಯ್ ಬ್ರೈಟ್ನರ್, ಐರನ್ ರಿಮೂವರ್, ಟಯರ್ ಶೈನ್ ಎಂದು ಹತ್ತಾರು ಹೆಸರಿನ ಬಾಟಲಿಗಳಿವೆ. ಎಲ್ಲದರ ಮೇಲೂ ‘ಸುರಕ್ಷಿತ’ ಎಂಬ ಮಾತಿದೆ. ಯಾರಿಗೆ ಸುರಕ್ಷಿತ? ಚಕ್ರದ ಲೋಹಕ್ಕೋ, ತೊಳೆಯುವವರ ಚರ್ಮಕ್ಕೋ, ತೊಳೆದ ನೀರು ಸೇರುವ ಕೆರೆಗೋ? ಮೂರಕ್ಕೂ ಉತ್ತರ ಸಿಕ್ಕರೆ ಮಾತ್ರ ಆ ಮಾತಿಗೆ ಅರ್ಥ.

ಕಪ್ಪು ದೂಳಿನ ಹುಟ್ಟು

ಚಕ್ರದ ಮೇಲೆ ಕೂರುವುದು ಬರೀ ರಸ್ತೆಯ ಮಣ್ಣಲ್ಲ. ಬ್ರೇಕ್ ಒತ್ತಿದಾಗ ಎರಕದ ಕಬ್ಬಿಣದ ಡಿಸ್ಕನ್ನು ಪ್ಯಾಡ್‌ಗಳು ಎರಡೂ ಕಡೆಯಿಂದ ಹಿಡಿಯುತ್ತವೆ. ಪ್ಯಾಡಿನಲ್ಲಿ ಉಕ್ಕಿನ ಎಳೆ, ಗ್ರಾಫೈಟ್, ಬೇರಿಯಂ ಸಲ್ಫೇಟ್, ಕೆಲವದರಲ್ಲಿ ತಾಮ್ರ, ಇವನ್ನೆಲ್ಲ ಹಿಡಿದಿಡುವ ಫಿನಾಲಿಕ್ ರಾಳ ಇರುತ್ತವೆ. ತಿಕ್ಕಾಟದಲ್ಲಿ ಡಿಸ್ಕೂ ಪ್ಯಾಡೂ ಎರಡೂ ಸವೆದು, ಬಿಸಿಯಾದ ಸೂಕ್ಷ್ಮ ಕಣಗಳು ಹಾರುತ್ತವೆ. ಅವುಗಳಲ್ಲಿ ಹೆಚ್ಚಿನ ಪಾಲು ಕಬ್ಬಿಣ. ಬಿಸಿ ಕಣ ಚಕ್ರದ ಮೇಲಿನ ಪಾರದರ್ಶಕ ಲೇಪಕ್ಕೆ ಅಂಟಿ, ಕೆಲವು ಅದರೊಳಕ್ಕೇ ಇಳಿಯುತ್ತವೆ. ಆಮೇಲೆ ಮಳೆ, ಮಂಜು, ತೇವ ತಾಗಿ ಅಲ್ಲೇ ತುಕ್ಕು ಹಿಡಿಯುತ್ತವೆ. ಬಿಳಿ ಅಥವಾ ಬೆಳ್ಳಿ ಬಣ್ಣದ ಅಲಾಯ್ ಮೇಲೆ ಕಾಣುವ ಕಿತ್ತಳೆ ಚುಕ್ಕೆಗಳು ಇವೇ. ಅಲ್ಯೂಮಿನಿಯಂಗೆ ಆ ಬಣ್ಣದ ತುಕ್ಕು ಹಿಡಿಯುವುದಿಲ್ಲ.

ಮುಂದಿನ ಚಕ್ರಗಳೇ ಹೆಚ್ಚು ಕಪ್ಪಾಗುವುದಕ್ಕೂ ಕಾರಣವಿದೆ. ಬ್ರೇಕ್ ಹಾಕಿದಾಗ ಗಾಡಿಯ ಭಾರ ಮುಂದಕ್ಕೆ ಬಾಗುತ್ತದೆ, ಹೆಚ್ಚಿನ ತಡೆ ಮುಂದಿನ ಚಕ್ರಗಳಲ್ಲೇ ನಡೆಯುತ್ತದೆ. ಭಾರತದ ಬಹುಪಾಲು ಸಣ್ಣ ಕಾರುಗಳಲ್ಲಿ ಹಿಂದೆ ಡ್ರಮ್ ಬ್ರೇಕ್ ಇರುವುದರಿಂದ ಅದರ ದೂಳು ಡ್ರಮ್ಮಿನೊಳಗೇ ಉಳಿಯುತ್ತದೆ. ಯುರೋಪಿನ ಹಲವು ಕಾರುಗಳ ಪ್ಯಾಡ್‌ಗಳಲ್ಲಿ ಲೋಹದ ಅಂಶ ಹೆಚ್ಚು. ಅವು ಚೆನ್ನಾಗಿ ಕಚ್ಚಿ ಹಿಡಿಯುತ್ತವೆ, ಜೊತೆಗೆ ಹೆಚ್ಚು ದೂಳನ್ನೂ ಬಿಡುತ್ತವೆ. ಎಲೆಕ್ಟ್ರಿಕ್ ಕಾರುಗಳಲ್ಲಿ ಮೋಟರೇ ವೇಗ ತಗ್ಗಿಸಿ ಬ್ಯಾಟರಿಗೆ ಶಕ್ತಿ ಮರಳಿಸುವುದರಿಂದ ಪ್ಯಾಡಿಗೆ ಕೆಲಸ ಕಡಿಮೆ, ದೂಳೂ ಕಡಿಮೆ.

ಕ್ಲೀನರ್ ಆರಿಸುವ ಮೊದಲು ಇಷ್ಟನ್ನು ತಿಳಿಯಬೇಕು. ರಸ್ತೆಯ ಮಣ್ಣು, ಎಣ್ಣೆ ಜಿಡ್ಡು ಹೋಗಲು ಸೋಪಿನ ನೀರು ಸಾಕು. ಲೇಪದೊಳಕ್ಕೆ ಇಳಿದ ಕಬ್ಬಿಣ ಮಾತ್ರ ಸೋಪಿಗೆ ಬಗ್ಗುವುದಿಲ್ಲ. ಕಟು ದ್ರಾವಣಗಳ ಮಾರುಕಟ್ಟೆಯೆಲ್ಲ ನಿಂತಿರುವುದು ಈ ಎರಡನೆಯ ಬಗೆಯ ಕೊಳೆಯ ಮೇಲೆ.

ತೊಳೆಯುವುದು ಯಾವ ಮೈಯನ್ನು?

ಕಡಿಮೆ ಬೆಲೆಯ ಮಾದರಿಗಳಲ್ಲಿ ಬಣ್ಣ ಬಳಿದ ಉಕ್ಕಿನ ಚಕ್ರ, ಅದರ ಮೇಲೆ ಪ್ಲಾಸ್ಟಿಕ್ ವೀಲ್ ಕ್ಯಾಪ್. ಇವಕ್ಕೆ ಶಾಂಪೂ, ನೀರು, ಮೆತ್ತನೆ ಬ್ರಷ್ ಬಿಟ್ಟು ಬೇರೇನೂ ಬೇಡ.

ಅಲಾಯ್ ಚಕ್ರ ಎಂದರೆ ಸಿಲಿಕಾನ್, ಮೆಗ್ನೀಸಿಯಂ ಬೆರೆಸಿದ ಅಲ್ಯೂಮಿನಿಯಂ. ಬಹುತೇಕ ಕಾರುಗಳಲ್ಲಿ ಅದರ ಮೇಲೆ ಪ್ರೈಮರ್, ಬಣ್ಣ, ಕೊನೆಗೆ ಪಾರದರ್ಶಕ ಲೇಪ ಇರುತ್ತವೆ. ನಾವು ತೊಳೆಯುವುದು ಲೋಹವನ್ನಲ್ಲ, ಈ ಲೇಪವನ್ನು. ಲೇಪ ಗಟ್ಟಿಯಾಗಿರುವಷ್ಟು ದಿನ ಲೋಹಕ್ಕೆ ಭಯವಿಲ್ಲ. ಕಲ್ಲು ಸಿಡಿದೋ ಫುಟ್‌ಪಾತ್ ಅಂಚಿಗೆ ತಾಗಿಯೋ ಲೇಪ ಎದ್ದರೆ ಅಲ್ಲಿಂದ ರಾಸಾಯನಿಕ ಒಳಗೆ ನುಗ್ಗುತ್ತದೆ.

ಈಗ ಮಧ್ಯಮ ದರ್ಜೆಯ ಕಾರುಗಳಲ್ಲೂ ಬರುತ್ತಿರುವ ಡೈಮಂಡ್ ಕಟ್ ಅಲಾಯ್ ಇನ್ನೂ ನಾಜೂಕು. ಇದರ ಮುಖವನ್ನು ಲೇತ್‌ನಲ್ಲಿ ಕೊರೆದು ಲೋಹವನ್ನು ಹೊಳೆಯುವಂತೆ ಮಾಡಿರುತ್ತಾರೆ. ಅದರ ಮೇಲೆ ಬಣ್ಣವಿಲ್ಲ, ತೆಳು ಲ್ಯಾಕರ್ ಮಾತ್ರ. ಲ್ಯಾಕರ್ ಒಡೆದರೆ ಕೆಳಗೆ ಬಿಳಿ ಹುಳು ಹರಿದಂಥ ಗೆರೆಗಳು ಹಬ್ಬುತ್ತವೆ. ಮಂಗಳೂರು, ಉಡುಪಿ, ಕಾರವಾರದಂಥ ಉಪ್ಪುಗಾಳಿಯ ಕರಾವಳಿಯಲ್ಲಿ ಈ ಕೊರೆತ ಬೇಗ ಸಾಗುತ್ತದೆ. ಸರಿಪಡಿಸಲು ಮತ್ತೆ ಲೇತ್‌ಗೆ ಹಾಕಿ ಲೋಹವನ್ನು ಹೆರೆಯಬೇಕು. ಪ್ರತಿ ಸಲವೂ ಚಕ್ರ ತೆಳುವಾಗುವುದರಿಂದ ಈ ದುರಸ್ತಿಯನ್ನು ಹೆಚ್ಚು ಸಲ ಮಾಡಲಾಗದು. ಲೇಪವೇ ಇಲ್ಲದ ಪಾಲಿಷ್ ಮಾಡಿದ ಅಲ್ಯೂಮಿನಿಯಂ, ಆನೊಡೈಸ್ ಮಾಡಿದ ಚಕ್ರ, ಕ್ರೋಮ್ ಚಕ್ರಗಳಿಗೆ ಆಮ್ಲವೂ ಕ್ಷಾರವೂ ಎರಡೂ ಶತ್ರು. ಹೈಡ್ರೋಕ್ಲೋರಿಕ್ ಆಮ್ಲ ಕ್ರೋಮನ್ನು ಕರಗಿಸುತ್ತದೆ, ಕಾಸ್ಟಿಕ್ ಸೋಡಾ ಆನೊಡೈಸ್ ಪದರವನ್ನು ಕಿತ್ತುಹಾಕುತ್ತದೆ.

ಪಿಎಚ್ ಎಂಬ ಅಳತೆ

ಆಮ್ಲ, ಕ್ಷಾರಗಳನ್ನು ಅಳೆಯುವ ಪಿಎಚ್ ಮಾಪಕದಲ್ಲಿ 7 ತಟಸ್ಥ. ಕೆಳಗಿಳಿದಂತೆ ಆಮ್ಲ, ಮೇಲೇರಿದಂತೆ ಕ್ಷಾರ. ಒಂದೊಂದು ಅಂಕಿಗೂ ಹತ್ತು ಪಟ್ಟು ವ್ಯತ್ಯಾಸ. ಪಿಎಚ್ 2ರ ದ್ರಾವಣ ಪಿಎಚ್ 4ರ ದ್ರಾವಣಕ್ಕಿಂತ ನೂರು ಪಟ್ಟು ಆಮ್ಲೀಯ. ಅಲ್ಯೂಮಿನಿಯಂ ಗಾಳಿ ತಾಗಿದೊಡನೆ ತನ್ನ ಮೇಲೊಂದು ಆಕ್ಸೈಡ್ ಪದರ ಹೊದ್ದುಕೊಳ್ಳುತ್ತದೆ. ಆ ಪದರ ಸುಮಾರು ಪಿಎಚ್ 4ರಿಂದ 8.5ರ ನಡುವೆ ಮಾತ್ರ ಸ್ಥಿರ. ಎರಡೂ ತುದಿಗಳಲ್ಲಿ ಅದು ಕರಗುತ್ತದೆ.

ಕಾರು ಕಂಪನಿಗಳ ಕೈಪಿಡಿಗಳು ಹೇಳುವುದೂ ಇದನ್ನೇ. ಬಿಡದಿಯಲ್ಲಿ ಕಾರ್ಖಾನೆ ಇರುವ ಟೊಯೊಟಾದ ಕೈಪಿಡಿಗಳು ಅಲಾಯ್ ಚಕ್ರಕ್ಕೆ ತಟಸ್ಥ ಮಾರ್ಜಕವನ್ನೇ ಹೇಳುತ್ತವೆ. ಆಮ್ಲೀಯ, ಕ್ಷಾರೀಯ, ಉಜ್ಜು ಪುಡಿ ಇರುವ ಕ್ಲೀನರ್ ಬೇಡ, ಗಡಸು ಬ್ರಷ್ ಬೇಡ, ಬಿಸಿಯಾದ ಚಕ್ರದ ಮೇಲೆ ಮಾರ್ಜಕ ಹಾಕಬೇಡಿ ಎನ್ನುತ್ತವೆ. ಬಿಎಂಡಬ್ಲ್ಯೂ ಕೈಪಿಡಿಗಳು ಪಿಎಚ್ 5ರಿಂದ 9ರ ಒಳಗಿನ ಕ್ಲೀನರನ್ನಷ್ಟೇ ಒಪ್ಪುತ್ತವೆ. ಆಮ್ಲೀಯ ಕ್ಲೀನರ್‌ಗಳು ಚಕ್ರದ ಬೋಲ್ಟ್‌ಗಳನ್ನೂ ಬ್ರೇಕಿನ ಭಾಗಗಳನ್ನೂ ಹಾಳು ಮಾಡಬಹುದು ಎಂಬುದು ಮರ್ಸಿಡಿಸ್‌ನ ಎಚ್ಚರಿಕೆ. ಗ್ಲವ್ ಬಾಕ್ಸಿನಲ್ಲಿ ಮಲಗಿರುವ ಈ ಪುಸ್ತಕವನ್ನು ಹತ್ತು ನಿಮಿಷ ತೆರೆದರೆ ಅಂಗಡಿಯಲ್ಲಿನ ಅರ್ಧ ಗೊಂದಲ ಅಲ್ಲೇ ತೀರುತ್ತದೆ.

ಆಮ್ಲ: ಹೊಳಪಿನ ಹಿಂದಿನ ಕೊರೆತ

ಹಿತ್ತಾಳೆ ತಂಬಿಗೆಗೆ ಹುಣಸೆಹುಳಿ ಹಚ್ಚಿ ತಿಕ್ಕಿದರೆ ಹೊಳೆಯುವುದು ಮೇಲಿನ ಆಕ್ಸೈಡನ್ನು ಹುಳಿ ಕರಗಿಸುವುದರಿಂದ. ಆಮ್ಲೀಯ ಬ್ರೈಟ್ನರ್‌ಗಳು ಮಾಡುವುದೂ ಅದನ್ನೇ, ಬಹಳ ಹೆಚ್ಚು ಬಲದಿಂದ. ಫಾಸ್ಫಾರಿಕ್, ಆಕ್ಸಾಲಿಕ್, ಸಲ್ಫ್ಯೂರಿಕ್ ಆಮ್ಲಗಳನ್ನು ಬಗೆಬಗೆಯ ಪ್ರಮಾಣದಲ್ಲಿ ಬೆರೆಸಿರುತ್ತಾರೆ. ಮನೆಯ ಟಾಯ್ಲೆಟ್ ಕ್ಲೀನರನ್ನೇ ಚಕ್ರಕ್ಕೆ ಹಾಕುವವರೂ ಇದ್ದಾರೆ. ಅದರಲ್ಲಿ ಸಾಮಾನ್ಯವಾಗಿ ಇರುವುದು ಹೈಡ್ರೋಕ್ಲೋರಿಕ್ ಆಮ್ಲ. ಪಿಂಗಾಣಿಗೆ ಅದು ಸರಿ, ಅಲ್ಯೂಮಿನಿಯಂಗೆ ಅಲ್ಲ. ಅದಕ್ಕೆ ಬ್ಲೀಚಿಂಗ್ ದ್ರಾವಣ ಬೆರೆತರೆ ವಿಷಕಾರಿ ಕ್ಲೋರಿನ್ ಅನಿಲ ಹೊರಡುತ್ತದೆ.

ಎಲ್ಲಕ್ಕಿಂತ ಭಯಂಕರವಾದದ್ದು ಹೈಡ್ರೋಫ್ಲೋರಿಕ್ ಆಮ್ಲ. ಗಾಜನ್ನೂ ಕೊರೆಯುವ ಗುಣ ಇದಕ್ಕಿದೆ. ಜೇಡಿ ಮಣ್ಣು, ರಸ್ತೆಯ ಗಟ್ಟಿ ಪೊರೆ, ಆಕ್ಸೈಡ್‌ಗಳನ್ನು ಇದು ತಟ್ಟನೆ ಕರಗಿಸುವುದರಿಂದ ಲಾರಿ, ಕಾರು ತೊಳೆಯುವ ಉದ್ಯಮದ ಬ್ರೈಟ್ನರ್‌ಗಳಲ್ಲಿ ಸೇರಿಕೊಂಡಿದೆ. ದುರ್ಬಲ ದ್ರಾವಣ ಚರ್ಮಕ್ಕೆ ತಾಗಿದಾಗ ಉರಿ ಆ ಕ್ಷಣ ಗೊತ್ತಾಗದೆ ಇರಬಹುದು. ಹಲವು ಗಂಟೆಗಳ ನಂತರ, ಕೆಲವೊಮ್ಮೆ ಮರುದಿನ ನೋವು ಶುರುವಾಗುತ್ತದೆ. ಅಷ್ಟರಲ್ಲಿ ಫ್ಲೋರೈಡ್ ಚರ್ಮ ದಾಟಿ ಒಳಗಿಳಿದು, ದೇಹದ ಕ್ಯಾಲ್ಸಿಯಂ ಜೊತೆ ಬೆಸೆದುಕೊಂಡಿರುತ್ತದೆ. ರಕ್ತದಲ್ಲಿ ಕ್ಯಾಲ್ಸಿಯಂ ಕುಸಿದರೆ ಹೃದಯದ ಬಡಿತವೇ ತಪ್ಪುತ್ತದೆ.

ಇದು ಪುಸ್ತಕದಲ್ಲಷ್ಟೇ ಇರುವ ಭಯವಲ್ಲ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 2012ರಲ್ಲಿ ಲಾರಿ ತೊಳೆಯುವ ಕೆಲಸಗಾರರೊಬ್ಬರು ಈ ಆಮ್ಲವಿದ್ದ ದ್ರಾವಣ ಹೊಟ್ಟೆಗೆ ಹೋಗಿ ತೀರಿಕೊಂಡರು. ಆಮೇಲೆ ಅಲ್ಲಿನ ಕಾರ್ಮಿಕ ಇಲಾಖೆ ಹಳೆಯ ಪರಿಹಾರ ಅರ್ಜಿಗಳನ್ನು ಜಾಲಾಡಿದಾಗ, 2001ರಿಂದ 2013ರವರೆಗೆ ಕಾರು ಮತ್ತು ಲಾರಿ ತೊಳೆಯುವ 48 ಮಂದಿ ಇದೇ ಆಮ್ಲದಿಂದ ಗಾಯಗೊಂಡಿದ್ದು ಬೆಳಕಿಗೆ ಬಂತು. ಏಳು ಮಂದಿ ಆಸ್ಪತ್ರೆ ಸೇರಿದ್ದರು, ಇಬ್ಬರಿಗೆ ಶಸ್ತ್ರಚಿಕಿತ್ಸೆ ಬೇಕಾಯಿತು. 2015ರಲ್ಲಿ ಆ ದೇಶದ ರೋಗ ನಿಯಂತ್ರಣ ಕೇಂದ್ರದ ವಾರಪತ್ರಿಕೆ ಇದನ್ನು ಪ್ರಕಟಿಸಿತು. ಕಾರ್ಮಿಕರ ಗಾಯವನ್ನು ದಾಖಲಿಸುವ ವ್ಯವಸ್ಥೆ ಇದ್ದ ರಾಜ್ಯದಲ್ಲಿ ಈ ಲೆಕ್ಕ ಸಿಕ್ಕಿತು. ಬರಿಗೈಯಲ್ಲಿ ದಿನವಿಡೀ ಚಕ್ರ ತಿಕ್ಕುವ ನಮ್ಮ ಊರುಗಳ ಕೆಲಸಗಾರರ ಕೈಸುಡುವಿಕೆ ಯಾವ ಕಡತಕ್ಕೂ ಏರದೆ ಹೋಗುವ ಸಾಧ್ಯತೆಯೇ ಹೆಚ್ಚು.

ಹೈಡ್ರೋಫ್ಲೋರಿಕ್ ಆಮ್ಲದ ಸೋದರ ಅಮೋನಿಯಂ ಬೈಫ್ಲೋರೈಡ್. ಬಾಟಲಿಯಲ್ಲಿ ‘ಹೈಡ್ರೋಫ್ಲೋರಿಕ್ ಆಮ್ಲ ಇಲ್ಲ’ ಎಂದಿದ್ದರೂ ಈ ಲವಣ ಇರಬಹುದು. ನೀರಿಗೆ ಬಿದ್ದರೆ ಇದು ಅದೇ ಆಮ್ಲವನ್ನು ಕೊಡುತ್ತದೆ. ಇದರ ದ್ರಾವಣದ ಪಿಎಚ್ ಅಷ್ಟೇನೂ ಕೆಳಗಿರುವುದಿಲ್ಲ, ಹಾಗಾಗಿ ಇಲ್ಲಿ ಪಿಎಚ್ ಒಂದನ್ನೇ ನಂಬುವಂತಿಲ್ಲ. ಫ್ಲೋರೈಡ್ ಹೆಸರು ಕಂಡ ವೀಲ್ ಕ್ಲೀನರನ್ನು ಕಪಾಟಿಗೇ ಮರಳಿಸುವುದು ಕ್ಷೇಮ.

ಕ್ಷಾರ: ‘ಆಸಿಡ್ ಫ್ರೀ’ಯ ಇನ್ನೊಂದು ಮುಖ

‘ಆಸಿಡ್ ಫ್ರೀ’ ಎಂದಾಕ್ಷಣ ಮೃದು ಎಂದು ಭಾವಿಸುವುದು ಸಾಮಾನ್ಯ. ಅಂಥ ಎಷ್ಟೋ ದ್ರಾವಣಗಳಲ್ಲಿ ಸೋಡಿಯಂ ಅಥವಾ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಇದ್ದು, ಪಿಎಚ್ 12ನ್ನೂ ದಾಟುತ್ತದೆ. ಜಿಡ್ಡು ತೆಗೆಯುವುದರಲ್ಲಿ ಕ್ಷಾರ ಬಲು ಚುರುಕು. ಬರಿಯ ಅಲ್ಯೂಮಿನಿಯಂ ಸಿಕ್ಕರೆ ಮಾತ್ರ ಅದನ್ನು ಕರಗಿಸಿ ಹೈಡ್ರೋಜನ್ ಗುಳ್ಳೆ ಎಬ್ಬಿಸುತ್ತದೆ, ಮೈಯನ್ನು ಬೂದು ಬಣ್ಣಕ್ಕೆ ತಿರುಗಿಸುತ್ತದೆ. ಟಯರ್ ಒತ್ತಡ ತಿಳಿಸುವ ಸೆನ್ಸರ್ ಇರುವ ಕಾರುಗಳಲ್ಲಿ ವಾಲ್ವಿನ ಕಾಂಡ ಅಲ್ಯೂಮಿನಿಯಂನದಾಗಿರುವುದುಂಟು. ಅದು ತಿಂದುಹೋದರೆ ಗಾಳಿ ಸೋರುತ್ತದೆ. ಕ್ಷಾರ ಕಣ್ಣಿಗೆ ಸಿಡಿದರೆ ಆಮ್ಲಕ್ಕಿಂತ ಆಳಕ್ಕೆ ಇಳಿದು ಹಾನಿ ಮಾಡಬಲ್ಲದು. ಬಟ್ಟೆ ತೊಳೆಯುವ ಪುಡಿಯಲ್ಲಿ ಇರುವ ವಾಷಿಂಗ್ ಸೋಡಾ ಕೂಡ ಕ್ಷಾರವೇ. ಒಂದು ಸಲಕ್ಕೆ ಪ್ರಮಾದವಾಗದು; ವಾರ ವಾರವೂ ಅದನ್ನೇ ಬಳಸಿದರೆ ಲೇಪ ಮಂಕಾಗುತ್ತದೆ.

ನೇರಳೆ ಬಣ್ಣದ ದ್ರಾವಣ

ಇತ್ತೀಚಿನ ವರ್ಷಗಳಲ್ಲಿ ಹೆಚ್ಚು ಹೆಸರು ಮಾಡಿರುವುದು ಐರನ್ ರಿಮೂವರ್. ಜರ್ಮನಿಯ ಸೋನಾಕ್ಸ್, ದಕ್ಷಿಣ ಕೊರಿಯಾದ ಕಾರ್‌ಪ್ರೋ ಮುಂತಾದ ಕಂಪನಿಗಳ ಇಂಥ ದ್ರಾವಣಗಳು ಭಾರತದಲ್ಲೂ ಸಿಗುತ್ತವೆ. ಸಿಂಪಡಿಸಿದಾಗ ಪಾರದರ್ಶಕ ಅಥವಾ ತಿಳಿ ಬಣ್ಣ, ಕೆಲ ನಿಮಿಷಗಳಲ್ಲಿ ನೇರಳೆ. ಒಳಗಿರುವುದು ಅಮೋನಿಯಂ ಅಥವಾ ಸೋಡಿಯಂ ಥಯೋಗ್ಲೈಕೊಲೇಟ್. ಕೂದಲನ್ನು ಗುಂಗುರು ಮಾಡುವ ಸಲೂನ್ ಲೋಷನ್ನಿನಲ್ಲೂ ಇದೇ ವರ್ಗದ ರಾಸಾಯನಿಕ ಇರುತ್ತದೆ, ಹಾಗಾಗಿಯೇ ಅದೇ ಗಂಧಕದ ವಾಸನೆ. ಇದು ಕಬ್ಬಿಣದ ಕಣವನ್ನು ಹಿಡಿದು ನೀರಿನಲ್ಲಿ ಕರಗುವ ನೇರಳೆ ಸಂಯುಕ್ತವಾಗಿಸುತ್ತದೆ. ಪಿಎಚ್ ಸುಮಾರು ತಟಸ್ಥವಾಗಿರುವುದರಿಂದ ಲೇಪವೂ ಅಲ್ಯೂಮಿನಿಯಂ ಕೂಡ ಹೆಚ್ಚು ತೊಂದರೆಯಿಲ್ಲದೆ ಉಳಿಯುತ್ತವೆ.

ಹಾಗೆಂದು ಇದು ನಿರುಪದ್ರವಿಯಲ್ಲ. ಚರ್ಮಕ್ಕೆ ತಾಗಿದರೆ ತುರಿಕೆ, ಅಲರ್ಜಿ ಆಗಬಹುದು. ಬಿಸಿಲಿನಲ್ಲಿ ಒಣಗಿದರೆ ಕಲೆ ಉಳಿಯುತ್ತದೆ. ನೇರಳೆ ನೀರು ಧಾರಾಕಾರ ಹರಿದರೆ ಅಷ್ಟೂ ಕೊಳೆ ಎಂದು ತಿಳಿಯಬೇಕಿಲ್ಲ. ಚಕ್ರದ ಹಿಂದಿರುವ ಬ್ರೇಕ್ ಡಿಸ್ಕೇ ಎರಕದ ಕಬ್ಬಿಣವಾದ್ದರಿಂದ ಅಲ್ಲಿಂದಲೂ ಆ ಬಣ್ಣ ಬರುತ್ತದೆ. ಕಿತ್ತಳೆ ಚುಕ್ಕೆ ಕಂಡಾಗ, ವರ್ಷಕ್ಕೆ ಎರಡು ಮೂರು ಸಲ ಬಳಸಿದರೆ ಧಾರಾಳವಾಯಿತು.

ದಿನಬಳಕೆಯ ಆಯ್ಕೆಗಳು

ಉಳಿದದ್ದು ಪಿಎಚ್ ತಟಸ್ಥವಾದ ಕಾರ್ ಶಾಂಪೂ. ವಾರಕ್ಕೊಮ್ಮೆ, ಹದಿನೈದು ದಿನಕ್ಕೊಮ್ಮೆ ತೊಳೆಯುವ ಚಕ್ರಕ್ಕೆ ಇದಕ್ಕಿಂತ ಹೆಚ್ಚಿನದು ಬೇಕಾಗುವುದಿಲ್ಲ. ಪಾತ್ರೆ ತೊಳೆಯುವ ದ್ರವ ಲೋಹಕ್ಕೆ ಅಪಾಯಕಾರಿಯಲ್ಲ. ಆದರೆ ಮೇಣದ ರಕ್ಷಣೆಯನ್ನು ತೊಳೆದುಹಾಕುತ್ತದೆ. ಹಸಿರು ಸ್ಕ್ರಬ್ಬರ್, ಉಕ್ಕಿನ ನಾರು ಲೇಪದ ಮೇಲೆ ಗೀರು ಎಳೆಯುತ್ತವೆ. ಸೀಮೆಎಣ್ಣೆ, ಡೀಸೆಲ್‌ಗಳು ಡಾಂಬರಿನ ಚುಕ್ಕೆ ಕರಗಿಸುತ್ತವೆಯಾದರೂ ಟಯರಿನ ರಬ್ಬರನ್ನು ಉಬ್ಬಿಸಿ ಮೆತ್ತಗಾಗಿಸುತ್ತವೆ, ಬ್ರೇಕಿಗೆ ತಾಗಿದರೆ ಹಿಡಿತವನ್ನೇ ಕೆಡಿಸುತ್ತವೆ. ಟಯರ್ ಕಪ್ಪಗೆ ಹೊಳೆಯಲೆಂದು ಹಳೆಯ ಎಂಜಿನ್ ಆಯಿಲ್ ಸವರುವ ರೂಢಿಯನ್ನು ಕೂಡಲೇ ಬಿಡಬೇಕು. ಟಯರ್ ಪಾಲಿಷ್ ಬೇಕೆಂದರೆ ನೀರು ಆಧಾರಿತವಾದದ್ದು ಸಾಕು. ಅದನ್ನೂ ಪಕ್ಕದ ಗೋಡೆಗೆ ಮಾತ್ರ, ಬಟ್ಟೆಯಲ್ಲಿ ಹಚ್ಚಬೇಕು. ರಸ್ತೆಗೆ ತಾಗುವ ಮುಖಕ್ಕೂ ಡಿಸ್ಕಿಗೂ ತಾಗಿದರೆ ಜಾರುವ ಅಪಾಯ.

ಬಾಟಲಿಯನ್ನು ಓದುವ ಬಗೆ

ಮುಂಬದಿಯ ಚಿತ್ರಕ್ಕಿಂತ ಹಿಂಬದಿಯ ಸಣ್ಣಕ್ಷರ ಮುಖ್ಯ. ಒಳ್ಳೆಯ ತಯಾರಕರು ಪ್ರತಿ ಉತ್ಪನ್ನಕ್ಕೂ 16 ವಿಭಾಗಗಳ ಸುರಕ್ಷತಾ ಮಾಹಿತಿ ಪತ್ರ ಕೊಡುತ್ತಾರೆ. ಎರಡನೆಯ ವಿಭಾಗದಲ್ಲಿ ಅಪಾಯಗಳು, ಮೂರನೆಯದರಲ್ಲಿ ಒಳಗಿರುವ ವಸ್ತುಗಳು, ನಾಲ್ಕನೆಯದರಲ್ಲಿ ಪ್ರಥಮ ಚಿಕಿತ್ಸೆ, ಒಂಬತ್ತನೆಯದರಲ್ಲಿ ಪಿಎಚ್ ಸಿಗುತ್ತವೆ. ವಸ್ತುಗಳ ಹೆಸರು ಕಂಪನಿಯಿಂದ ಕಂಪನಿಗೆ ಬದಲಾದರೂ ಪಕ್ಕದ ಸಿಎಎಸ್ ಸಂಖ್ಯೆ ಬದಲಾಗದು. 7664-39-3 ಎಂದಿದ್ದರೆ ಹೈಡ್ರೋಫ್ಲೋರಿಕ್ ಆಮ್ಲ, 1341-49-7 ಎಂದಿದ್ದರೆ ಅಮೋನಿಯಂ ಬೈಫ್ಲೋರೈಡ್, 1310-73-2 ಎಂದಿದ್ದರೆ ಕಾಸ್ಟಿಕ್ ಸೋಡಾ. ಕೈಯನ್ನೂ ಲೋಹವನ್ನೂ ದ್ರವ ಕೊರೆಯುವ ಚಿತ್ರವಿದ್ದರೆ ಅದು ಸುಡುವ ವಸ್ತು ಎಂಬ ಎಚ್ಚರಿಕೆ. ಮಾಹಿತಿ ಪತ್ರ ಕೇಳಿದರೂ ಕೊಡದ, ಒಳಗೇನಿದೆ ಎಂದು ಹೇಳದ ದ್ರಾವಣವನ್ನು ಕೊಳ್ಳದಿರುವುದೇ ಲೇಸು.

ತೊಳೆಯುವ ಕ್ರಮ

ಒಳ್ಳೆಯ ಕ್ಲೀನರೂ ತಪ್ಪು ಹೊತ್ತಿನಲ್ಲಿ ಕೆಟ್ಟದಾಗುತ್ತದೆ. ಘಾಟಿ ಇಳಿದು ಬಂದ ಕಾರಿನ ಡಿಸ್ಕ್ ಕುದಿಯುತ್ತಿರುತ್ತದೆ. ಆಗ ದ್ರಾವಣ ಎರಚಿದರೆ ನೀರು ಆವಿಯಾಗಿ ರಾಸಾಯನಿಕ ಗಾಢವಾಗಿ ಉಳಿಯುತ್ತದೆ. ಕೈಯಿಟ್ಟರೆ ತಣ್ಣಗಿರುವಷ್ಟು ಹೊತ್ತು ಕಾಯಬೇಕು, ಕಾರು ನೆರಳಿನಲ್ಲಿರಬೇಕು. ಮೊದಲು ಬರಿ ನೀರು ಬಿಟ್ಟು ಮರಳು, ಮಣ್ಣು ಇಳಿಸಬೇಕು. ಮಲೆನಾಡು, ಕರಾವಳಿಯ ಕೆಂಪು ಮಣ್ಣು ಕುಳಿತ ಚಕ್ರವನ್ನು ಒಣಗಿದ್ದಾಗಲೇ ಉಜ್ಜಿದರೆ ಗೀರು ಖಂಡಿತ. ಒಂದೊಂದೇ ಚಕ್ರ ಹಿಡಿದು, ಕಾರಿನ ಮೈಗೆ ಬಳಸುವ ಬಟ್ಟೆ, ಬಕೆಟ್ ಬಿಟ್ಟು ಬೇರೆಯದರಲ್ಲಿ ತೊಳೆಯಬೇಕು. ಬೋರ್‌ವೆಲ್‌ನ ಗಡಸು ನೀರು ಒಣಗಿದರೆ ಸುಣ್ಣದ ಬಿಳಿ ಚುಕ್ಕೆ ಬಿಡುತ್ತದೆ, ಆದ್ದರಿಂದ ಒರೆಸಿಯೇ ಮುಗಿಸಬೇಕು. ತೊಳೆದ ತಕ್ಷಣ ಕಾರನ್ನು ದಿನಗಟ್ಟಲೆ ನಿಲ್ಲಿಸದೆ, ಸ್ವಲ್ಪ ದೂರ ಓಡಿಸಿ ಮೆಲ್ಲಗೆ ಬ್ರೇಕ್ ಹಾಕಿದರೆ ಡಿಸ್ಕ್ ಒಣಗುತ್ತದೆ.

ಬ್ರೇಕ್ ದೂಳನ್ನು ಗಾಳಿಯ ಪೈಪಿನಿಂದ ಊದಿ ಹಾರಿಸುವುದು ಕೆಟ್ಟ ಅಭ್ಯಾಸ. ಆ ಸೂಕ್ಷ್ಮ ಕಣಗಳು ಶ್ವಾಸಕೋಶಕ್ಕೆ ಹೋಗುತ್ತವೆ. ಯಾವ ಕ್ಲೀನರ್ ಆದರೂ ನೈಟ್ರೈಲ್ ಕೈಗವಸು, ಕಣ್ಣಿಗೆ ಕನ್ನಡಕ ಇರಲಿ. ಫ್ಲೋರೈಡ್ ದ್ರಾವಣ ತಾಗಿದ ಶಂಕೆಯಿದ್ದರೆ ನೋವಿಗೆ ಕಾಯದೆ ಬಟ್ಟೆ ಕಳಚಿ, ಹರಿಯುವ ನೀರಿನಲ್ಲಿ ತೊಳೆದು, ಬಾಟಲಿಯನ್ನೂ ಹಿಡಿದು ಆಸ್ಪತ್ರೆಗೆ ಹೋಗಬೇಕು. ವೈದ್ಯರು ಹಚ್ಚುವುದು ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್. ತುರ್ತಿಗೆ 108 ಇದೆ.

ನೀರು ಹೋಗುವ ದಾರಿ

2024ರ ಮಾರ್ಚ್‌ನಲ್ಲಿ ನೀರಿನ ಬರ ಬಿಗಿಯಾದಾಗ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನು ನಿಷೇಧಿಸಿ, ಮೀರಿದವರಿಗೆ 5,000 ರೂಪಾಯಿ ದಂಡ ಗೊತ್ತುಮಾಡಿತು. ಆ ಆದೇಶ ನೀರಿನ ಪ್ರಮಾಣದ ಬಗ್ಗೆ. ತೊಳೆದ ನೀರಿನಲ್ಲಿ ಏನಿದೆ ಎಂಬುದು ಬೇರೆಯೇ ಪ್ರಶ್ನೆ. ಮನೆ ಮುಂದೆ ತೊಳೆದ ನೀರು ಮೋರಿಗೆ, ಮೋರಿಯಿಂದ ರಾಜಕಾಲುವೆಗೆ, ಅಲ್ಲಿಂದ ಕೆರೆಗೆ. ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಉಕ್ಕಿದ್ದಕ್ಕೆ ಮಾರ್ಜಕಗಳ ಅಂಶ ಮತ್ತು ಫಾಸ್ಫೇಟ್ ಕಾರಣವೆಂದು ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಯನಗಳು ತೋರಿಸಿವೆ. ಅದರಲ್ಲಿ ಮನೆಗಳ ಕೊಳಚೆಯ ಪಾಲೇ ದೊಡ್ಡದು, ಚಕ್ರ ತೊಳೆದ ನೀರಿನದು ಅಲ್ಪ. ಆದರೂ ಆ ಅಲ್ಪದಲ್ಲಿ ಕ್ಲೀನರಿನ ಜೊತೆಗೆ ಬ್ರೇಕಿನ ಲೋಹವೂ ಇರುತ್ತದೆ.

ಆ ಲೋಹದ ವಿಚಾರವನ್ನು ಕೆಲವು ಸರ್ಕಾರಗಳು ಮೂಲದಲ್ಲೇ ಹಿಡಿದಿವೆ. ತಾಮ್ರ ಮೀನುಗಳಿಗೆ ಮಾರಕವೆಂದು ಕ್ಯಾಲಿಫೋರ್ನಿಯಾ ಮತ್ತು ವಾಷಿಂಗ್ಟನ್ ರಾಜ್ಯಗಳು 2010ರಲ್ಲಿ ಬ್ರೇಕ್ ಪ್ಯಾಡಿನ ತಾಮ್ರಕ್ಕೆ ಕಾನೂನಿನ ಕಡಿವಾಣ ಹಾಕಿದವು. ಕ್ಯಾಲಿಫೋರ್ನಿಯಾದ ಮಿತಿ 2021ಕ್ಕೆ ಶೇ. 5, 2025ಕ್ಕೆ ಶೇ. 0.5. ಯುರೋಪಿನ ಯೂರೋ 7 ನಿಯಮ ಬ್ರೇಕಿನಿಂದ ಹೊರಡುವ ಕಣಗಳಿಗೂ ಮಿತಿ ಹಾಕಿದೆ: ಪೆಟ್ರೋಲ್, ಡೀಸೆಲ್ ಕಾರುಗಳಿಗೆ ಕಿಲೋಮೀಟರಿಗೆ 7 ಮಿಲಿಗ್ರಾಂ, ಎಲೆಕ್ಟ್ರಿಕ್ ಕಾರಿಗೆ 3. ಪ್ಯಾಡ್ ಶುದ್ಧವಾದಷ್ಟೂ ಚಕ್ರ ಕಪ್ಪಾಗುವುದು ಕಡಿಮೆ, ಕಟು ಕ್ಲೀನರಿನ ಬೇಡಿಕೆಯೂ ಕಡಿಮೆ.

ಎಲ್ಲವನ್ನೂ ತೂಗಿ ನೋಡಿದರೆ ಆಯ್ಕೆ ಕಷ್ಟದ್ದಲ್ಲ. ವಾಡಿಕೆಯ ತೊಳೆತಕ್ಕೆ ತಟಸ್ಥ ಶಾಂಪೂ, ಗಟ್ಟಿ ಕಬ್ಬಿಣದ ಕಲೆಗೆ ಅಪರೂಪಕ್ಕೊಮ್ಮೆ ಥಯೋಗ್ಲೈಕೊಲೇಟ್ ದ್ರಾವಣ. ಬಲವಾದ ಆಮ್ಲ, ಕ್ಷಾರಗಳು ಮನೆಬಳಕೆಗೆ ಬೇಡವೇ ಬೇಡ. ಫ್ಲೋರೈಡ್ ಇರುವುದು ವಾಟರ್ ಸರ್ವಿಸ್ ಅಂಗಡಿಗೂ ಬೇಡ. ಚಕ್ರ ಸದಾ ಸ್ವಚ್ಛವಾಗಿರಲಿ ಎನ್ನುವವರು ತೊಳೆದ ಚಕ್ರಕ್ಕೆ ಮೇಣ ಅಥವಾ ಸೆರಾಮಿಕ್ ಲೇಪ ಹಚ್ಚಿಸಬಹುದು. ದೂಳು ಅಂಟುವುದು ಕಡಿಮೆಯಾಗಿ ನೀರು, ಶಾಂಪೂವಿನಲ್ಲೇ ಕೆಲಸ ಮುಗಿಯುತ್ತದೆ. ಮುಂದಿನ ಸಲ ಕಾರನ್ನು ವಾಟರ್ ಸರ್ವಿಸ್‌ಗೆ ಬಿಡುವಾಗ ಚಕ್ರಕ್ಕೆ ಹಾಕುವ ದ್ರಾವಣದ ಲೇಬಲ್ ತೋರಿಸಲು ಮಾಲೀಕರು ಅಂಗಡಿಯವರನ್ನು ಕೇಳಲಿ. ಲೇಬಲ್ ಇಲ್ಲದಿದ್ದರೆ ಶಾಂಪೂ ಸಾಕು ಎಂದು ಹೇಳಲಿ, ತೊಳೆಯುವವರ ಕೈಯಲ್ಲಿ ಗವಸು ಇದೆಯೇ ಎಂದೂ ನೋಡಲಿ. ಗಿರಾಕಿಗಳು ಕೇಳತೊಡಗಿದರೆ ಅಂಗಡಿಗಳು ಬದಲಾಗುತ್ತವೆ.